ಹಳೆಯ ವಿದ್ಯಾರ್ಥಿಗಳು ವೃತ್ತಿಯ ಬಗ್ಗೆ ಮಾತನಾಡುವಾಗ

ಧಾರವಾಡದಲ್ಲಿ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿಗಾಗಲಿ, 1986ರ ಕೃಷಿ ವಿಶ್ವವಿದ್ಯಾಲಯಕ್ಕಾಗಲಿ ಹಳೆಯ ವಿದ್ಯಾರ್ಥಿಗಳಾಗಿ ಮಾತನಾಡಲು ಹೋಗುವವರು ಈಗಿನ ಹುದ್ದೆಯಿಂದಲ್ಲ, ಪದವಿ ಮುಗಿದ ಮೊದಲ ವರ್ಷದಿಂದ ಮಾತು ಆರಂಭಿಸಬೇಕು. ಮೊದಲ ಸಂಬಳ ಎಷ್ಟಿತ್ತು, ಬೆಂಗಳೂರಿನ ಬಾಡಿಗೆ ಕಳೆದು ಕೈಯಲ್ಲಿ ಏನು ಉಳಿಯುತ್ತಿತ್ತು ಎಂಬುದನ್ನು ಮುಚ್ಚಿಡದೆ ಹೇಳಿದರೆ, ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ ವಿದ್ಯಾರ್ಥಿಗಳು ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳಬಲ್ಲರು. ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿಗೆಂದೇ ಧಾರವಾಡದಲ್ಲಿ ಕೊಠಡಿ ಹಿಡಿದವರು ಅನೇಕರಿರುವುದರಿಂದ, ಆ ದಾರಿಯಲ್ಲಿ ಬಂದವರು ಎಷ್ಟು ಸಲ ಅನುತ್ತೀರ್ಣರಾದರು, ಯಾವ ವಯಸ್ಸಿನವರೆಗೆ ಕಾಯಲು ಸಿದ್ಧರಿದ್ದರು, ಪರ್ಯಾಯವಾಗಿ ಏನನ್ನು ಇಟ್ಟುಕೊಂಡಿದ್ದರು ಎಂಬುದನ್ನೂ ತಿಳಿಸಬೇಕು. ಗೆದ್ದವರು ಇದನ್ನು ಹೇಳುವುದು ಕಡಿಮೆ. ಶಾಲು, ಸನ್ಮಾನಗಳಿಗೆ ಹತ್ತು ನಿಮಿಷ ಸಾಕು. ಉಳಿದ ಸಮಯದ ಅರ್ಧವನ್ನಾದರೂ ಪ್ರಶ್ನೆಗಳಿಗೆ ಬಿಟ್ಟು, ಎದ್ದು ನಿಂತು ಕೇಳಲು ಸಂಕೋಚಪಡುವವರಿಗಾಗಿ ಚೀಟಿಗಳನ್ನು ಮೊದಲೇ ಹಂಚಬೇಕು.