ಕರೆಯೋಲೆಗೆ ಕೈಬರಹದ ಫಾಂಟ್ ಹೊಂದಿಸುವುದು ಹೇಗೆ?

ಗೃಹಪ್ರವೇಶದ ಕರೆಯೋಲೆಯಲ್ಲಿ ‘ನಮ್ಮ ಮನೆಗೆ ಬನ್ನಿ’ ಎಂಬ ಸಾಲು ಮನೆಯವರೇ ಪೆನ್ನು ಹಿಡಿದು ಬರೆದಂತಿದ್ದರೆ, ಓದುವವರಿಗೆ ತಮ್ಮನ್ನೇ ಹೆಸರು ಹಿಡಿದು ಕರೆದಂತಾಗುತ್ತದೆ. ಕೈಬರಹದ ಫಾಂಟ್ ಇರುವುದೇ ಇಂಥ ಮಾತಿಗೆ.

ಹಾಗಾಗಿ ಮೊದಲು ಇಡೀ ಒಕ್ಕಣೆಯನ್ನು ಕಾಗದದಲ್ಲಿ ಬರೆದುಕೊಳ್ಳಿ. ಬಾಯಿಬಿಟ್ಟು ಆಡುವ ಮಾತು ಯಾವುದೋ ಅದರ ಕೆಳಗೆ ಗೆರೆ ಎಳೆಯಿರಿ. ಒಂದೆರಡು ಸಾಲು ಸಿಕ್ಕೀತು. ಕೈಬರಹ ಅಷ್ಟಕ್ಕೇ ಸಾಕು. ದಿನ, ಮುಹೂರ್ತ, ವಿಳಾಸ ನೋಟೊ ಸಾನ್ಸ್ ಕನ್ನಡದಂಥ ಸರಳ ಫಾಂಟಿನಲ್ಲಿರಲಿ. ೬ ಯಾವುದು, ೯ ಯಾವುದು ಎಂದು ಅಜ್ಜಿ ಕನ್ನಡಕ ಏರಿಸಿ ನೋಡುವಂತಾಗಬಾರದು.

ಫಾಂಟಿಗೆ ‘ನವಿಲು’ ನೋಡಿ. ಇದು ಕನ್ನಡ ಕೈಬರಹದ ಮುಕ್ತ ಫಾಂಟ್. ಡೆಬಿಯನ್, ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಗಳನ್ನು ಬಳಸುವವರಿಗೆ ಅವುಗಳ ತಂತ್ರಾಂಶ ಭಂಡಾರದಲ್ಲೇ ಸಿಗುತ್ತದೆ.

ಇಂಗ್ಲಿಷಿನ ಕೂಡುಬರಹದಂತೆ ನಮ್ಮ ಅಕ್ಷರಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವುದಿಲ್ಲ. ಕನ್ನಡದ ಕೈಬರಹದ ಚೆಲುವು ತಲಕಟ್ಟಿನ ಓರೆಯಲ್ಲಿದೆ, ಕೊಂಬಿನ ಬಾಗಿನಲ್ಲಿದೆ, ಒತ್ತಕ್ಷರ ಜೋತುಬೀಳುವ ರೀತಿಯಲ್ಲಿದೆ. ಫಾಂಟ್ ಯಾವುದೇ ಆಗಲಿ, ಒಪ್ಪುವ ಮೊದಲು ‘ಲಕ್ಷ್ಮೀ’, ‘ಸ್ತ್ರೀ’, ‘ಕಾರ್ಯ’ ಎಂದು ಟೈಪಿಸಿ, ಕಾರ್ಡಿನ ಅಳತೆಯಲ್ಲೇ ಮುದ್ರಿಸಿ ನೋಡಿ. ‘ಧನ’ ಎಂಬ ಪದವನ್ನು ತಪ್ಪದೆ ಪರೀಕ್ಷಿಸಿ. ಅಕ್ಷರ ಚಿಕ್ಕದಾದಾಗ ‘ಧ’ದ ಕೆಳಗಿನ ಸಣ್ಣ ಗೀಟು ಮುಚ್ಚಿಹೋದರೆ ಧನಲಕ್ಷ್ಮಿ ‘ದನಲಕ್ಷ್ಮಿ’ ಆಗುತ್ತಾಳೆ. ಕಾರ್ಡಿನಲ್ಲಿ ನಾನು ಕೈಬರಹವನ್ನು 16 ಪಾಯಿಂಟಿಗಿಂತ ಕೆಳಗೆ ಇಳಿಸುವುದಿಲ್ಲ.

‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಸಂಕೇತದ ಕಡತದಿಂದ ಪಠ್ಯ ತರುವುದಾದರೆ ಮೊದಲು ಈಗಿನ ಫಾಂಟುಗಳು ಬಳಸುವ ಯೂನಿಕೋಡ್ ಸಂಕೇತಕ್ಕೆ ಬದಲಾಯಿಸಿ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಒತ್ತು ಬಿಡಿಬಿಡಿಯಾಗಿ ಬಂದರೆ ಪಠ್ಯದ ಸೆಟ್ಟಿಂಗಿನಲ್ಲಿ ‘ವರ್ಲ್ಡ್-ರೆಡಿ’ ಆಯ್ಕೆ ಮಾಡಿ. ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪಿನಲ್ಲಿ ಈ ತಾಪತ್ರಯವಿಲ್ಲ, ಉಚಿತ ಕೂಡ.

ಈಗ ಸಾಲುಗಳ ನಡುವಿನ ಅಂತರ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದೇ ಕನ್ನಡ ಕಾರ್ಡುಗಳ ದೊಡ್ಡ ಕುಂದು. ಅಕ್ಷರದ ಅಳತೆಯ ಒಂದೂವರೆ ಪಟ್ಟಿನಿಂದ ಶುರುಮಾಡಿ, ಸಾಲದಿದ್ದರೆ ಹೆಚ್ಚಿಸಿ.

ಕೊನೆಯ ಕೆಲಸವೇ ನನಗೆ ಅಚ್ಚುಮೆಚ್ಚು. ‘ನಮ್ಮ ಮನೆಗೆ’ ಎಂಬಲ್ಲಿ ‘ಮ’ ಅಕ್ಕಪಕ್ಕದಲ್ಲೇ ಎರಡು ಸಲ ಬರುತ್ತದೆ. ಕೈಯಲ್ಲಿ ಬರೆದಾಗ ಎರಡು ‘ಮ’ ಎಂದೂ ತದ್ರೂಪಿಯಾಗಿರುವುದಿಲ್ಲ; ಫಾಂಟಿನಲ್ಲಿ ಒಂದೇ ಅಚ್ಚು. ಇಂಕ್‌ಸ್ಕೇಪಿನಲ್ಲಿ ಸಾಲನ್ನು ಆಯ್ದು, ಕಂಟ್ರೋಲ್, ಶಿಫ್ಟ್, ಸಿ ಒಟ್ಟಿಗೆ ಒತ್ತಿದರೆ ಅಕ್ಷರಗಳು ಚಿತ್ರವಾಗುತ್ತವೆ. ಗುಂಪು ಬಿಡಿಸಿ, ಎರಡನೆಯ ‘ಮ’ವನ್ನು ಒಂದೆರಡು ಡಿಗ್ರಿ ಓರೆ ಮಾಡಿ, ಕೂದಲೆಳೆಯಷ್ಟು ಕೆಳಗಿಳಿಸಿ. ಇದಕ್ಕೂ ಮುನ್ನ ಕಾಗುಣಿತ ನೋಡಿಕೊಂಡಿರಬೇಕು, ಚಿತ್ರವಾದ ಮೇಲೆ ಅಕ್ಷರ ತಿದ್ದಲಾಗದು.

ಮನೆಯಲ್ಲೇ ಮಾಡಿದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಗೂ ಇದೇ ಕ್ರಮ: ಹೆಸರು ಮಾತ್ರ ಕೈಬರಹದಲ್ಲಿ, ತೂಕ, ತಯಾರಾದ ದಿನಾಂಕ ಸರಳ ಫಾಂಟಿನಲ್ಲಿ.