ನಾಲ್ಕು ಆಯ್ಕೆ ತೆಗೆದು ಖಾಲಿ ಜಾಗ ಇಟ್ಟೆ

ಭಾಷೆ ಕಲಿಸುವ ಆ್ಯಪ್ ಒಂದಕ್ಕೆ ಸ್ಕ್ರೀನ್ ಡಿಸೈನ್ ಮಾಡುವುದು ನನ್ನ ಕೆಲಸ. ನಮ್ಮ ಕಸುಬಿನಲ್ಲಿ ಒಂದು ಕ್ಲಿಕ್ ಕಡಿಮೆ ಮಾಡಿದರೆ ಎಲ್ಲರಿಗೂ ಖುಷಿ. ಕಲಿಯುವ ವಿಷಯಕ್ಕೆ ಬಂದರೆ ಈ ಲೆಕ್ಕ ಹೊಂದುವುದಿಲ್ಲ. ಮೊದಲು ನಾವು ನಾಲ್ಕು ಉತ್ತರ ಕೊಟ್ಟು ಒಂದನ್ನು ಒತ್ತಿ ಅನ್ನುತ್ತಿದ್ದೆವು. ಬಳಸುವವರ ಪಕ್ಕ ಕೂತು ನೋಡಿದೆ. ಪದದ ಮೊದಲ ಅಕ್ಷರ ಕಂಡರೆ ಸಾಕು, ಸರಿಯಾದುದನ್ನೇ ಒತ್ತಿ ಮುಂದೆ ಹೋಗುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಅದೇ ಪದ ಬಾಯಲ್ಲಿ ಹೇಳಿ ಅಂದರೆ ಬರುತ್ತಿರಲಿಲ್ಲ.

ಅದಕ್ಕೇ ಆಯ್ಕೆಗಳನ್ನು ತೆಗೆದು ಖಾಲಿ ಜಾಗ ಇಟ್ಟೆ. ನೆನಪಿಸಿಕೊಂಡು ಟೈಪ್ ಮಾಡಬೇಕು. ಸುಮ್ನೆ ಓದಿದ ಪದಕ್ಕಿಂತ ನಾವೇ ಯೋಚಿಸಿ ತಂದುಕೊಂಡ ಪದ ಜಾಸ್ತಿ ನೆನಪಿರುತ್ತದೆ ಎಂದು ಸ್ಲಾಮೆಕಾ ಮತ್ತು ಗ್ರಾಫ್ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲೇ ತೋರಿಸಿದ್ದರು. ಜಪಾನಿನಲ್ಲಿ ಹಿರೋಶಿ ಕವಾಕಾಮಿ ಅವರಂತೂ ಅನನುಕೂಲದಿಂದ ಸಿಗುವ ಲಾಭವನ್ನೇ ಅಧ್ಯಯನದ ವಿಷಯ ಮಾಡಿಕೊಂಡವರು. ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಈ ಯೋಚನೆಯಿಂದ ಹುಟ್ಟಿದ ಒಂದು ಅಳತೆಪಟ್ಟಿಯಲ್ಲಿ 2, 3, 5, 7, 11 ಹೀಗೆ ಅವಿಭಾಜ್ಯ ಸಂಖ್ಯೆಗಳು ಮಾತ್ರ ಇವೆ. 4 ಸೆಂ.ಮೀ. ಬೇಕಾದರೆ 3ರಿಂದ 7ರವರೆಗೆ ಅಳೆಯಬೇಕು. ಅಳತೆಯ ಜೊತೆಗೆ ತಲೆಯೂ ಓಡುತ್ತದೆ ಅಲ್ವಾ?

ಜನ ಬಿಟ್ಟು ಹೋಗುತ್ತಾರೆ ಎಂದು ತಂಡದಲ್ಲಿ ಭಯ ಇತ್ತು. ಕೆಲವರು ಹೋದರು ಕೂಡ. ಉಳಿದವರ ವೇಗ ಕಡಿಮೆ ಆಯಿತು, ಆದರೆ ಕೇಳಿದಾಗ ಪದ ಬಾಯಿಗೆ ಬರತೊಡಗಿತು.

ಎಲ್ಲ ಕಡೆ ಕಷ್ಟ ತುಂಬಿಸಬೇಕು ಎಂದು ನಾನು ಹೇಳುತ್ತಿಲ್ಲ. ಪಾಠ ಹುಡುಕುವುದು, ಲಾಗಿನ್, ಚಂದಾ ನಿಲ್ಲಿಸುವುದು, ಇವೆಲ್ಲ ಆದಷ್ಟು ಸಲೀಸಾಗಿರಬೇಕು. ಚಂದಾ ರದ್ದು ಮಾಡುವ ಬಟನ್ ಬಚ್ಚಿಡುವ ಕಂಪನಿಗಳೂ ಜನರಿಗೆ ಕಷ್ಟ ಕೊಡುತ್ತವೆ, ಅದರ ಲಾಭ ಮಾತ್ರ ಕಂಪನಿಗೆ. ನನಗೆ ಅದನ್ನು ಕಂಡರೆ ಸಿಟ್ಟು ಬರುತ್ತದೆ. ಹಾಗಾಗಿ ಪ್ರತಿ ಸ್ಕ್ರೀನ್ ಮುಂದೆ ಕೂತಾಗಲೂ ಈ ಶ್ರಮ ಪಟ್ಟವರಿಗೇ ಏನಾದರೂ ದಕ್ಕುತ್ತದಾ ಎಂದು ಕೇಳಿಕೊಳ್ಳುತ್ತೇನೆ.

ನಮ್ಮಲ್ಲಿ ದಕ್ಕಬೇಕಾದದ್ದು ನೆನಪು. ಕೀಬೋರ್ಡ್ ಜೊತೆ ಗುದ್ದಾಡುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಅದಕ್ಕೇ ಒಂದು ಅಕ್ಷರ ಆಚೆ ಈಚೆ ಆದರೆ ತಪ್ಪು ಎನ್ನುವುದಿಲ್ಲ, ಸರಿಯಾದ ರೂಪ ತೋರಿಸಿ ಮುಂದೆ ಬಿಡುತ್ತೇವೆ. ಬೆರಳು ಓಡದವರು, ಕಣ್ಣು ಕಾಣದವರು ಬಾಯಲ್ಲೇ ಉತ್ತರ ಹೇಳಬಹುದು. ಸುಳಿವು ಕೊಡುವ ಬಟನ್ ಇದೆ, ಆದರೆ ಪ್ರಶ್ನೆ ಬಂದ ಕೂಡಲೇ ಕಾಣುವುದಿಲ್ಲ, ಯೋಚಿಸಲು ಸ್ವಲ್ಪ ಹೊತ್ತು ಬಿಟ್ಟು ಬರುತ್ತದೆ. ಒತ್ತಿದರೆ ಮೊದಲ ಅಕ್ಷರ ಮಾತ್ರ ಸಿಗುತ್ತದೆ.