ಶೇಲ್ ಕಲ್ಲಿಗೆ ಕಾರ್ಬನ್ ಡೈಆಕ್ಸೈಡ್ ತುಂಬಿದರೆ ಅನಿಲದ ಹರಿವು ಎಷ್ಟು ಕುಗ್ಗುತ್ತದೆ: ಲ್ಯಾಬಿನಲ್ಲಿ ಅಳೆಯುವ ಬಗೆ

ಶೇಲ್ ಎಂದರೆ ಜೇಡಿ ಪದರಪದರವಾಗಿ ಗಟ್ಟಿಯಾದ ಕಲ್ಲು. ಹಾಸನ, ಚಿಕ್ಕಮಗಳೂರಿನ ನೆಲದಡಿ ಇರುವುದು ಬಹುಪಾಲು ನೈಸ್ ಮತ್ತು ಶಿಸ್ಟ್ ಎಂಬ ರೂಪಾಂತರಿತ ಕಲ್ಲುಗಳು. ಹಾಗಾಗಿ ಇಲ್ಲಿನ ಕಾಲೇಜು ಲ್ಯಾಬಿಗೆ ಶೇಲ್ ಹೊರಗಿನಿಂದಲೇ ಬರಬೇಕು. ಕೈ ಪಳಗಿಸಲು ಕಲಬುರಗಿ ಕಡೆಯ ಭೀಮಾ ಬೇಸಿನ್ನಿನ ಶೇಲ್ ಸಾಕು. ಮೀಥೇನನ್ನು ಎಬ್ಬಿಸಿ ಆ ಜಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ಕೂರುವುದನ್ನು ನೋಡಬೇಕಾದರೆ ಜಾರ್ಖಂಡ್-ಬಂಗಾಳದ ದಾಮೋದರ ಕಣಿವೆಯ ಕಪ್ಪು ಶೇಲಿನಂತೆ ಸಾವಯವ ಅಂಶ ಹೆಚ್ಚಿರುವ ಕಲ್ಲು ಬೇಕು. ಸ್ಥಳೀಯ ನೈಸ್ ತುಂಡೊಂದನ್ನೂ ಕೊರೆದಿಟ್ಟುಕೊಳ್ಳಿ. ಅದರ ಉಪಯೋಗ ಮುಂದಿದೆ.

ಕೋರ್, ಅಂದರೆ ಕಲ್ಲಿನಿಂದ ಕೊರೆದು ತೆಗೆದ ದಿಂಡು, 25 ಮಿ.ಮೀ. ವ್ಯಾಸ, 50 ಮಿ.ಮೀ. ಉದ್ದ ಇರಲಿ, ಪದರಕ್ಕೆ ಸಮಾನಾಂತರವೋ ಅಡ್ಡವೋ ಬರೆದಿಡಿ. ನೀರು ಹಾಕಿ ಕೊರೆದರೆ ಜೇಡಿ ಉಬ್ಬಿ ಪದರ ಬಿರಿಯುತ್ತದೆ, ಒಣಗಾಳಿಯಲ್ಲೇ ಕೊರೆಯಿರಿ. ತೂಕ ನಿಲ್ಲುವವರೆಗೆ 60 ಡಿಗ್ರಿಯಲ್ಲಿ ನಿರ್ವಾತದಡಿ ಒಣಗಿಸಿ. ಮಲೆನಾಡಿನ ಮಳೆಗಾಲದಲ್ಲಿ ಒಣಗಿದ ಕಲ್ಲು ಮೇಜಿನ ಮೇಲೇ ತೇವ ಹೀರುತ್ತದೆ. ಸಿಲಿಕಾ ಜೆಲ್ ಹಾಕಿದ ಡೆಸಿಕೇಟರಿನಿಂದ ನೇರ ಕೋರ್ ಹೋಲ್ಡರಿಗೆ, ಅಂದರೆ ಕೋರನ್ನು ರಬ್ಬರ್ ಸ್ಲೀವಿನೊಳಗೆ ಒತ್ತಿ ಹಿಡಿಯುವ ಉಕ್ಕಿನ ಪಾತ್ರೆಗೆ, ಹೋಗಲಿ. ರಬ್ಬರ್ ಸ್ಲೀವಿನ ಮೂಲಕ ಕಾರ್ಬನ್ ಡೈಆಕ್ಸೈಡ್ ನುಸುಳುತ್ತದೆ, ಆದ್ದರಿಂದ ಕೋರಿಗೆ ಮೊದಲು ತೆಳು ತಾಮ್ರದ ಅಥವಾ ಸೀಸದ ಹಾಳೆ ಸುತ್ತಿ.

ಇಷ್ಟು ಬಿಗಿಯಾದ ಕಲ್ಲಿಗೆ ಪಲ್ಸ್ ಡಿಕೇ ವಿಧಾನವೇ ಸರಿ: ಒಂದು ತುದಿಯಲ್ಲಿ ಒತ್ತಡವನ್ನು ತುಸು ಏರಿಸಿ, ಅದು ಕಲ್ಲಿನ ಮೂಲಕ ಎಷ್ಟು ಬೇಗ ಇಳಿಯುತ್ತದೆ ಎಂದು ನೋಡುವುದು. ಕೋರಿನ ಎರಡೂ ತುದಿಗೆ 10 ಮಿ.ಲೀ. ಪಾತ್ರೆ, ಹೊರಗಿನಿಂದ 150 ಬಾರ್, ರಂಧ್ರದೊಳಗೆ 50 ಬಾರ್. ಒಂದು ಕಡೆ 1ರಿಂದ 2 ಬಾರ್ ಏರಿಸಿ, ವ್ಯತ್ಯಾಸ ಇಳಿಯುವುದನ್ನು ದಾಖಲಿಸಿ. ವ್ಯತ್ಯಾಸದ ಲಾಗರಿದಮ್ಮನ್ನು ಕಾಲದೆದುರು ಬಿಡಿಸಿದರೆ ಸರಳರೇಖೆ ಬರುತ್ತದೆ. ಅದರ ಇಳಿಜಾರಿನಿಂದ ಪಾರಗಮ್ಯತೆ, ಅಂದರೆ ಕಲ್ಲು ಅನಿಲವನ್ನು ಎಷ್ಟು ಸುಲಭವಾಗಿ ಹರಿಯಬಿಡುತ್ತದೆ ಎಂಬ ಅಳತೆ, ಸಿಗುತ್ತದೆ. ಅದರ ಮಾನ ಡಾರ್ಸಿ, ಅದರ ನೂರು ಕೋಟಿಯಲ್ಲೊಂದು ಪಾಲು ನ್ಯಾನೋಡಾರ್ಸಿ. ಕಲ್ಲು 100 ನ್ಯಾನೋಡಾರ್ಸಿ ಇದ್ದರೆ ಹೀಲಿಯಂನಲ್ಲಿ ವ್ಯತ್ಯಾಸ ಅರ್ಧವಾಗಲು ಸುಮಾರು 4 ಗಂಟೆ ಹಿಡಿಯುತ್ತದೆ.

ಈ 4 ಗಂಟೆಯಲ್ಲೇ ಕೆಲಸ ಕೆಡುವುದು. 50 ಬಾರ್ ಅನಿಲದ ತಾಪ 1 ಡಿಗ್ರಿ ಬದಲಾದರೆ ಒತ್ತಡ 0.16 ಬಾರ್ ಜರುಗುತ್ತದೆ. ಎರಡು ಪಾತ್ರೆಗಳ ತಾಪ ಬೇರೆ ಬೇರೆಯಾದರೆ ನೀವು ಅಳೆಯುತ್ತಿರುವುದು ಕಲ್ಲನ್ನಲ್ಲ, ಕೋಣೆಯ ತಾಪವನ್ನು. ಕೊಳವೆ, ವಾಲ್ವ್ ಎಲ್ಲವೂ 45 ಡಿಗ್ರಿಯ ಒಂದೇ ಪೆಟ್ಟಿಗೆಯೊಳಗಿರಲಿ. ಇಲ್ಲಿನ ತಂಪಿಗೆ ಇನ್ನೊಂದು ತೊಂದರೆಯೂ ಇದೆ: 20 ಡಿಗ್ರಿಯಲ್ಲಿ ಕಾರ್ಬನ್ ಡೈಆಕ್ಸೈಡ್ 57 ಬಾರಿಗೇ ದ್ರವವಾಗುತ್ತದೆ, ಹೊರಗುಳಿದ ಒಂದು ಗೇಣು ಕೊಳವೆಯಲ್ಲೂ. ಹೀಟರನ್ನೂ ದಾಖಲೆಯ ಕಂಪ್ಯೂಟರನ್ನೂ ಯುಪಿಎಸ್‌ಗೆ ಹಾಕಿ. ಕರೆಂಟ್ ಹೋದರೆ ಆ ಅಳತೆಯೇ ವ್ಯರ್ಥ.

ಅನುಕ್ರಮ ಹೀಗಿರಲಿ: ಹೀಲಿಯಂ, ಮೀಥೇನ್, ಕಾರ್ಬನ್ ಡೈಆಕ್ಸೈಡ್, ನಿರ್ವಾತ, ಮತ್ತೆ ಹೀಲಿಯಂ. ಒಳಗಿನ 50, ಹೊರಗಿನ 150 ಬಾರ್ ಪ್ರತಿ ಅನಿಲಕ್ಕೂ ಹಾಗೆಯೇ ಇರಲಿ. ಕಾರ್ಬನ್ ಡೈಆಕ್ಸೈಡ್ ತುಂಬಿದ ಮೇಲೆ ಒತ್ತಡ ನಿಲ್ಲುವವರೆಗೆ ಕಾಯಿರಿ, ದಿನಗಳೇ ಹಿಡಿದರೂ ಸರಿ. ಅವಸರಪಟ್ಟರೆ ಕಲ್ಲು ಅನಿಲ ಹೀರುವುದರಿಂದಲೂ ಪಲ್ಸ್ ಬೇಗ ಇಳಿದು, ಹರಿವು ಹೆಚ್ಚಿದಂತೆ ತೋರುತ್ತದೆ.

ಹೀಲಿಯಂ ಅಂಕಿಯ ಪಕ್ಕ ಕಾರ್ಬನ್ ಡೈಆಕ್ಸೈಡ್ ಅಂಕಿ ಇಟ್ಟು 'ಇಷ್ಟು ಕುಗ್ಗಿತು' ಎನ್ನುವುದು ತಪ್ಪು. ಸಣ್ಣ ರಂಧ್ರದಲ್ಲಿ ಹೀಲಿಯಂ ಗೋಡೆಯ ಮೇಲೆ ಹೆಚ್ಚು ಜಾರುತ್ತದೆ. 1941ರಲ್ಲಿ ಕ್ಲಿಂಕೆನ್‌ಬರ್ಗ್ ತೋರಿಸಿದ ಪರಿಣಾಮ ಇದು. ಮೂರ್ನಾಲ್ಕು ಒತ್ತಡಗಳಲ್ಲಿ, ಹೊರಗಿನ ಒತ್ತಡವನ್ನೂ ಅಷ್ಟೇ ಏರಿಸುತ್ತ ಅಳೆದು, ಜಾರುವಿಕೆಯನ್ನು ಕಳೆದ ಮೇಲೆಯೇ ಹೋಲಿಸಿ. 45 ಡಿಗ್ರಿಯಲ್ಲಿ 80ರಿಂದ 110 ಬಾರ್ ನಡುವೆ ಕಾರ್ಬನ್ ಡೈಆಕ್ಸೈಡಿನ ಸಾಂದ್ರತೆ ಏಕಾಏಕಿ ಏರುವುದರಿಂದ ಲೆಕ್ಕ ಹಿಡಿತಕ್ಕೆ ಸಿಗದು. ಆ ಒತ್ತಡಗಳನ್ನು ಬಿಟ್ಟುಬಿಡಿ. ನೈಸ್ ತುಂಡಿಗೂ ಇದೇ ಅನುಕ್ರಮ ನಡೆಸಿ. ಅದು ಅನಿಲವನ್ನು ಹೀರುವುದು ತೀರಾ ಕಡಿಮೆ. ಅಲ್ಲೂ ದೊಡ್ಡ ಕುಸಿತ ಕಂಡರೆ ಸೋರಿಕೆ ಹುಡುಕಿ.

ಕೊನೆಯ ಹೀಲಿಯಂ ಅಂಕಿ ಮೊದಲಿನಷ್ಟೇ ಬಂದರೆ ಹರಿವನ್ನು ಕುಗ್ಗಿಸಿದ್ದು ರಂಧ್ರದ ಗೋಡೆಗೆ ಅಂಟಿದ ಅನಿಲದಿಂದ ಕಲ್ಲು ಉಬ್ಬಿದ್ದು. ಕೆಳಗೇ ನಿಂತರೆ ಬಿರುಕು ಮುಚ್ಚಿದೆ ಅಥವಾ ಒಳಗೆ ಅನಿಲ ಉಳಿದಿದೆ, ಇನ್ನೊಂದು ದಿನ ನಿರ್ವಾತ ಕೊಟ್ಟು ನೋಡಿ. ಮೇಲೇರಿದರೆ, ಕಲ್ಲಿನಲ್ಲಿ ತೇವ ಉಳಿದಿತ್ತೇ ಎಂದು ಕೇಳಿಕೊಳ್ಳಿ. ತೇವವಿದ್ದಲ್ಲಿ ಕಾರ್ಬನ್ ಡೈಆಕ್ಸೈಡ್ ಆಮ್ಲವಾಗಿ, ಕಲ್ಲಿನೊಳಗಿನ ಸುಣ್ಣದ ಖನಿಜ ಕ್ಯಾಲ್ಸೈಟ್ ಕರಗುತ್ತದೆ.

ಒತ್ತಡವನ್ನು ಗಂಟೆಗಟ್ಟಲೆ ನಿಧಾನವಾಗಿ ಇಳಿಸಿ, ಇಲ್ಲವಾದರೆ ಅನಿಲ ಕುಡಿದ ಓ-ರಿಂಗುಗಳು ಒಳಗಿಂದ ಸೀಳುತ್ತವೆ. ಹೊರಬಿಡುವ ಕೊಳವೆ ಕಿಟಕಿಯಾಚೆ ಹೋಗಲಿ. ಗಾಳಿಗಿಂತ ಭಾರವಾದ ಕಾರ್ಬನ್ ಡೈಆಕ್ಸೈಡ್ ನೆಲಮಟ್ಟದಲ್ಲಿ ನಿಲ್ಲುವುದರಿಂದ, ಸೆನ್ಸರನ್ನು ಮೊಣಕಾಲೆತ್ತರದಲ್ಲಿ ಹಾಕಿ, 5,000 ಪಿಪಿಎಂಗೆ ಕೂಗುವಂತಿರಲಿ.